ಪ್ರೌಢಶಾಲೆಯ ಚಿತ್ರಕಲಾ ಪ್ರಾಜೆಕ್ಟ್: ಅಂಗಡಿಯ ಮಾದರಿ, ಮೊಬೈಲ್ ಚಿತ್ರ ಬಿಟ್ಟು ಏನು ಮಾಡಿಸಬಹುದು?

ಪ್ರಶ್ನೆ (ಚಿತ್ರಕಲಾ ಶಿಕ್ಷಕಿ, ಶ್ರೀರಂಗಪಟ್ಟಣ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಒಂಬತ್ತನೇ ತರಗತಿಯಲ್ಲಿ 42 ಮಕ್ಕಳಿದ್ದಾರೆ. ಚಿತ್ರಕಲೆಗೆ ವಾರಕ್ಕೆ ನಲವತ್ತು ನಿಮಿಷಗಳ ಎರಡು ಅವಧಿಗಳಿದ್ದು, ಅವುಗಳಲ್ಲಿ ಒಂದು ದಿನದ ಕೊನೆಯ ಅವಧಿಯಾದ್ದರಿಂದ ಗಣಿತದ ವಿಶೇಷ ತರಗತಿಗೋ ಕ್ರೀಡಾಕೂಟದ ತಾಲೀಮಿಗೋ ಆಗಾಗ ಬಿಟ್ಟುಕೊಡಬೇಕಾಗುತ್ತದೆ. ಪ್ರಾಜೆಕ್ಟ್ ಕೊಟ್ಟಾಗಲೆಲ್ಲ ಮಕ್ಕಳು ತರುವುದು ಸ್ಟೇಷನರಿ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಥರ್ಮಾಕೋಲ್ ಮಾದರಿಯನ್ನು, ಇಲ್ಲವೇ ಮೊಬೈಲಿನಲ್ಲಿ ಕಂಡ ಯಾವುದೋ ಚಿತ್ರದ ಯಥಾವತ್ ನಕಲನ್ನು. ನಕಲು ಮಾಡುವವರ ಕೈ ಚುರುಕಾಗಿಯೇ ಇದೆ. ಆದರೆ ಅದೇ ಹುಡುಗನನ್ನು ಶಾಲೆಯ ಎದುರು ನಿಂತ ಕಬ್ಬಿನ ಗಾಡಿಯ ಮುಂದೆ ಕೂರಿಸಿದರೆ, ಚಕ್ರವು ಅಚ್ಚಿಗೆ ಎಲ್ಲಿ ಸೇರುತ್ತದೆ ಎಂಬುದೂ ತೋಚದೆ ಪೆನ್ಸಿಲ್ ಕೆಳಗಿಡುತ್ತಾನೆ.

ಒಂದು ಅರ್ಧವರ್ಷ ಪೂರ್ತಿ ನಡೆಯುವ, ಹೆಚ್ಚು ಖರ್ಚಿಲ್ಲದ, ಮಗು ತಾನೇ ಯೋಚಿಸಿ ನಿರ್ಧರಿಸಬೇಕಾದ ಒಂದು ಪ್ರಾಜೆಕ್ಟನ್ನು ಅನುಭವಿಗಳು ದಯವಿಟ್ಟು ಸೂಚಿಸಬೇಕು. ಅದಕ್ಕೆ ಶ್ರೇಣಿ ಕೊಡುವ ಬಗೆಯನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ನಿವೃತ್ತ ಚಿತ್ರಕಲಾ ಶಿಕ್ಷಕ, ಮೈಸೂರು)

ಮೇಡಂ, ಗಂಜೀಫಾ ಎಲೆಗಳನ್ನು, ಎಂದರೆ ಕೈಯಿಂದ ಚಿತ್ರ ಬರೆದ ಹಳೆಯ ಕಾಲದ ಇಸ್ಪೀಟಿನಂಥ ಆಟದ ಎಲೆಗಳನ್ನು, ಮಾಡಿಸಿ. ಇದು ನಮ್ಮ ಸೀಮೆಯಲ್ಲೂ ಬೆಳೆದ ಕಲೆ. ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟದಲ್ಲಿ ಹೊಸ ಬಗೆಗಳನ್ನೇ ಕಲ್ಪಿಸಿದವರು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ಹತ್ತು ಪಂಗಡಗಳಿದ್ದು, ಪ್ರತಿಯೊಂದರಲ್ಲೂ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಲೆಗಳು ಸೇರಿ ಒಟ್ಟು 120 ದುಂಡನೆಯ ಎಲೆಗಳಾಗುತ್ತವೆ. ಪ್ರತಿ ಪಂಗಡಕ್ಕೂ ಒಂದು ಗುರುತು: ಮತ್ಸ್ಯಕ್ಕೆ ಮೀನು, ಪರಶುರಾಮನಿಗೆ ಕೊಡಲಿ, ಹೀಗೆ.

ತಮ್ಮ 42 ಮಕ್ಕಳನ್ನು ನಾಲ್ಕು ಅಥವಾ ಐದು ಮಂದಿಯ ಹತ್ತು ಗುಂಪುಗಳಾಗಿ ಮಾಡಿ, ಅವತಾರಗಳ ಬದಲಿಗೆ ತಮ್ಮ ಊರಿನ ಹತ್ತು ವಸ್ತುಗಳನ್ನು ಅವರೇ ಆರಿಸಿಕೊಳ್ಳಲಿ. ಕಬ್ಬು, ಭತ್ತದ ತೆನೆ, ರೇಷ್ಮೆಗೂಡು, ನಾಲೆಯ ತೂಬು, ಬೆಲ್ಲದ ಅಚ್ಚು, ಯಾವುದಾದರೂ ಸರಿ. ಬೆಲ್ಲದ ಪಂಗಡಕ್ಕೆ ರಾಜ ಯಾರು? ಆಲೆಮನೆಯ ಯಜಮಾನನೋ, ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದ ನೋಡುವವನೋ? ಈ ಜಗಳವನ್ನು ತಾವು ಬಗೆಹರಿಸಬೇಡಿ. ಅದು ಮಕ್ಕಳ ನಡುವೆಯೇ ತೀರ್ಮಾನವಾಗಲಿ.

ನಿಜವಾದ ಕಲಿಕೆ ಇರುವುದು ರಾಜ, ಮಂತ್ರಿಗಳಿಗಿಂತ ಅಂಕಿಯ ಎಲೆಗಳಲ್ಲಿ. ವೃತ್ತದೊಳಗೆ ಏಳು ಬೆಲ್ಲದ ಅಚ್ಚುಗಳನ್ನು ಕೂರಿಸುವುದು ಸುಲಭ, ನಡುವೆ ಒಂದನ್ನಿಟ್ಟು ಸುತ್ತ ಆರನ್ನು ಬರೆದರೆ ತಾನಾಗಿಯೇ ಹೊಂದಿಕೊಳ್ಳುತ್ತದೆ. ಎಂಟಕ್ಕೆ ಬಂದ ಕೂಡಲೇ ಆ ಕ್ರಮ ಮುರಿದುಬೀಳುತ್ತದೆ. ಕಬ್ಬಿನ ಜಲ್ಲೆಯಂಥ ಉದ್ದನೆಯ ಆಕಾರ ಸಿಕ್ಕಿದ ಗುಂಪಿಗೆ ಮೂರನೇ ಎಲೆಯಲ್ಲೇ ತೊಡಕು ಶುರು. ಜೊತೆಗೆ, ಹತ್ತು ಗುರುತುಗಳನ್ನು ಅಂಗೈಯೊಳಗಿನ ಜಾಗದಲ್ಲಿ ಬರೆಯಬೇಕಾದಾಗ ತೆನೆಯ ಯಾವ ಗೆರೆಯನ್ನು ಉಳಿಸಬೇಕು, ಯಾವುದನ್ನು ಬಿಟ್ಟರೂ ಅದು ತೆನೆಯಾಗಿಯೇ ಕಾಣುತ್ತದೆ ಎಂಬುದನ್ನು ಮಗು ಗದ್ದೆಗೆ ಹೋಗಿ ತೆನೆಯನ್ನು ನೋಡಿಯೇ ತೀರ್ಮಾನಿಸಬೇಕಾಗುತ್ತದೆ. ಇದಕ್ಕೆ ಮೊಬೈಲಿನಲ್ಲಿ ಸಿದ್ಧ ಉತ್ತರವಿಲ್ಲ. ರಟ್ಟಿಗೆ ಹಳೆಯ ಲಗ್ನಪತ್ರಿಕೆಗಳು ಸಾಕು. ಎರಡನ್ನು ಮೈದಾ ಅಂಟಿನಿಂದ ಅಂಟಿಸಿ, ಪುಸ್ತಕಗಳ ಕೆಳಗೆ ಒತ್ತಿಟ್ಟು ಒಣಗಿಸಿ, ಬಳೆಯಿಟ್ಟು ವೃತ್ತ ಬರೆಯಿಸಿ. ಆಗಾಗ ಕೈತಪ್ಪುವ ಆ ಕೊನೆಯ ಅವಧಿಗೆ ಅಂಟಿಸುವ, ಕತ್ತರಿಸುವ ಕೆಲಸವನ್ನಷ್ಟೇ ಇಟ್ಟುಕೊಳ್ಳಿ.

ಉತ್ತರ 2 (ಮೈಸೂರು ಸಾಂಪ್ರದಾಯಿಕ ಶೈಲಿಯ ಕಲಾವಿದೆ)

ಗುರುಗಳ ಸಲಹೆ ಬಹಳ ಚೆನ್ನಾಗಿದೆ. ಆದರೆ ನಕಲು ಮಾಡುವುದನ್ನು ಮೇಡಂ ಅವರು ಸಾರಾಸಗಟಾಗಿ ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ನಮ್ಮಲ್ಲಿ ಶಿಷ್ಯರು ಗುರುವಿನ ರೇಖೆಯನ್ನು ಮತ್ತೆ ಮತ್ತೆ ಬರೆದೇ ಕಲಿಯುವುದು. ತಂಜಾವೂರು ಚಿತ್ರದಲ್ಲಿ ಚಿನ್ನದ ಹಾಳೆಯ ಕೆಳಗಿನ ಉಬ್ಬುಗೆಲಸ ದಪ್ಪವಾಗಿರುತ್ತದೆ, ಮೈಸೂರು ಶೈಲಿಯಲ್ಲಿ ಅದು ತೆಳುವಾಗಿ, ನವಿರಾಗಿರುತ್ತದೆ. ಆ ನವಿರು ಎಷ್ಟೆಂಬುದು ಬಾಯಿಮಾತಿನಿಂದ ತಿಳಿಯುವಂಥದ್ದಲ್ಲ, ಕೈಯಿಂದ ಅನುಸರಿಸಿ ತಿಳಿಯಬೇಕು. ಮೊಬೈಲ್ ನೋಡಿ ಬರೆಯುವ ಹುಡುಗನಿಗೆ ಮುಗಿದ ಚಿತ್ರ ಮಾತ್ರ ಕಾಣುತ್ತದೆಯೇ ಹೊರತು, ಮೊದಲು ಯಾವ ಗೆರೆ ಬಂತು, ಬಣ್ಣ ಯಾವ ಕ್ರಮದಲ್ಲಿ ಏರಿತು ಎಂಬುದು ಕಾಣುವುದಿಲ್ಲ. ಕೊರತೆ ಇರುವುದು ಅಲ್ಲಿ.

ತಮ್ಮ ತಾಲ್ಲೂಕಿನಲ್ಲೇ ದರಿಯಾ ದೌಲತ್ ಇದೆ. 1784ರಲ್ಲಿ ಕಟ್ಟಿದ ಆ ಅರಮನೆಯ ಪಶ್ಚಿಮ ಗೋಡೆಯ ಮೇಲೆ 1780ರಲ್ಲಿ ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಆ ಗೋಡೆಯ ಚಿತ್ರಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಬಣ್ಣ ಹಾಕಿಸಲಾಗಿದೆ, ಎಂದರೆ ಹಳೆಯ ಗೆರೆಯ ಮೇಲೆ ಗೆರೆ ಎಳೆದ ಕೈಗಳಿಂದಲೇ ಅವು ನಮ್ಮವರೆಗೆ ಬಂದಿವೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಇಡೀ ಯುದ್ಧವನ್ನು ಬರೆಯಿರಿ ಎನ್ನದೆ, ಸೈನಿಕರ ಒಂದೇ ಒಂದು ಸಾಲನ್ನು ಮಾತ್ರ ಬರೆದುಕೊಳ್ಳಲು ಹೇಳಿ. ಒಂದೇ ಆಕೃತಿಯನ್ನು ಒಂದರ ಪಕ್ಕ ಒಂದರಂತೆ ಇಟ್ಟು ಚಿತ್ರಕಾರ ಅಷ್ಟು ದೊಡ್ಡ ಗುಂಪನ್ನು ಹೇಗೆ ತೋರಿಸಿದ್ದಾನೆ, ಆ ಗದ್ದಲದ ನಡುವೆಯೂ ಪಲ್ಲಕ್ಕಿಯಲ್ಲಿ ಕುಳಿತ ಗಾಯಾಳು ಬ್ರಿಟಿಷ್ ಸೇನಾನಿ ಕರ್ನಲ್ ಬೇಲಿ (Baillie) ಅವರ ಕಡೆಗೆ ಕಣ್ಣು ಹೋಗುವಂತೆ ಹೇಗೆ ಮಾಡಿದ್ದಾನೆ ಎಂದು ಕೇಳಿ. ಎಂಟು ಗುರುತುಗಳನ್ನು ವೃತ್ತದಲ್ಲಿ ಕೂರಿಸುವಾಗ ಇದು ನೆರವಿಗೆ ಬರುತ್ತದೆ.

ಇನ್ನೊಂದು ವಿನಂತಿ. ಎಲೆಗಳ ಮೇಲೆ 'ಮೈಸೂರು ಶೈಲಿ' ಎಂದು ಉಬ್ಬುಗೆಲಸ ಮಾಡಿಸಲು ಹೊರಡಬೇಡಿ. ಹಳೆಯ ಪದ್ಧತಿಯ ಉಬ್ಬಿಗೆ ಬಳಸುತ್ತಿದ್ದ ಸಫೇದ ಸೀಸದ ಪುಡಿಯಾಗಿದ್ದು, ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಅದರ ಬದಲಿಗೆ ಮಿನುಗು ಅಂಟು ಹಚ್ಚಿ ಅದೇ ಹೆಸರಿನಿಂದ ಕರೆಯುವುದನ್ನು ಶಾಲಾ ಪ್ರದರ್ಶನಗಳಲ್ಲಿ ಕಂಡಾಗ ನನಗಂತೂ ಬೇಸರವಾಗುತ್ತದೆ.

ಉತ್ತರ 3 (ಪೋಷಕರು, ಮಂಡ್ಯ)

ಬಣ್ಣದ ಬಗ್ಗೆ ಎರಡು ಮಾತು ಹೇಳಬಯಸುತ್ತೇನೆ. ಪೋಸ್ಟರ್ ಬಣ್ಣದ ಪೆಟ್ಟಿಗೆಯನ್ನು ಪ್ರತಿ ಮಗುವೂ ತರಲಿ ಎಂದರೆ ಹಲವು ಮನೆಗಳಿಗೆ ಅದು ಹೊರೆಯೇ. ನನ್ನ ಮಗಳ ತರಗತಿಯಲ್ಲಿ ನೈಸರ್ಗಿಕ ಬಣ್ಣವೆಂದು ಬೀಟ್‌ರೂಟ್ ರಸದಿಂದ ಚಿತ್ರ ಬರೆಯಿಸಿದ್ದರು. ಪ್ರದರ್ಶನದ ದಿನಕ್ಕೆ ಅದೆಲ್ಲ ಮಾಸಿ ಕಂದಾಗಿತ್ತು. ಅರಿಶಿನವೂ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ. ಉಳಿಯುವುದು ಮಣ್ಣು ಮತ್ತು ಇದ್ದಿಲು. ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳ ಸೇರಿದ ಮೇಲೆ ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಅದು ತಂಗಿದ ನಂತರ ಸಿಗುವ ನುಣುಪಾದ ಕೆಸರಿಗೆ ಗೋಂದು ಬೆರೆಸಿದರೆ ಒಳ್ಳೆಯ ಬಣ್ಣವಾಗುತ್ತದೆ. ಗೋಂದು ಕಡಿಮೆಯಾದರೆ ಒಣಗಿದ ಮೇಲೆ ಪುಡಿಯಾಗಿ ಕೈಗೆ ಹತ್ತುತ್ತದೆ, ಹೆಚ್ಚಾದರೆ ಬಿರುಕು ಬಿಡುತ್ತದೆ. ಬಿಳುಪಿಗೆ ಸುಣ್ಣ ಬಳಸಬೇಡಿ, ಕಣ್ಣಿಗೆ ಸಿಡಿದರೆ ಅಪಾಯ. ರಟ್ಟಿನ ಬಿಳಿಯನ್ನೇ ಬಿಟ್ಟುಕೊಂಡರಾಯಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಕಲಿನ ಬಗ್ಗೆ ಅಮ್ಮನವರು ಹೇಳಿದ ಭೇದವನ್ನು ತರಗತಿಯಲ್ಲಿ ಹೀಗೆ ತರಬಹುದೆಂದುಕೊಂಡಿದ್ದೇನೆ: ದರಿಯಾ ದೌಲತ್‌ನಲ್ಲಿ ಬರೆದ ಸಾಲನ್ನು ಯಾವ ಕ್ರಮದಲ್ಲಿ ಬರೆದೆವೆಂಬುದನ್ನು ಮಕ್ಕಳು ಪಕ್ಕದಲ್ಲೇ ಅಂಕಿ ಹಾಕಿ ಗುರುತಿಸಲಿ. ಇನ್ನು ಶ್ರೇಣಿಯ ವಿಚಾರ ಉಳಿಯಿತು. ಅಂದವಾದ ಎಲೆಗೆ ಹೆಚ್ಚಿನ ಶ್ರೇಣಿ ಕೊಟ್ಟರೆ, ಮೊದಲಿನಿಂದಲೂ ಕೈ ತಿರುಗಿದ ನಾಲ್ಕೈದು ಮಕ್ಕಳಿಗೇ ಅದು ಹೋಗುವುದಿಲ್ಲವೇ?

ಉತ್ತರ 1ರವರು ಮತ್ತೆ

ಹೋಗುತ್ತದೆ. ಆದ್ದರಿಂದ ಕಚ್ಚಾ ಹಾಳೆಗಳನ್ನು ಎಸೆಯಲು ಬಿಡಬೇಡಿ, ಎಲ್ಲವನ್ನೂ ದಾರದಲ್ಲಿ ಪೋಣಿಸಿಡಲಿ. ಎಂಟನೇ ಎಲೆಗೆ ಎಷ್ಟು ಬಗೆಯ ಜೋಡಣೆಗಳನ್ನು ಪ್ರಯತ್ನಿಸಿದ್ದಾರೆ, ಒಂದನ್ನು ಬಿಟ್ಟು ಇನ್ನೊಂದನ್ನು ಏಕೆ ಆರಿಸಿದರು ಎಂಬುದನ್ನು ಪ್ರತಿ ಮಗುವೂ ಎರಡು ವಾಕ್ಯಗಳಲ್ಲಿ ಬರೆಯಲಿ. ಶ್ರೇಣಿಯ ಅರ್ಧ ಭಾಗ ಇದಕ್ಕೆ ಇರಲಿ.

ಉಳಿದರ್ಧವನ್ನು ಆಟವೇ ನಿರ್ಧರಿಸುತ್ತದೆ. ಎಲ್ಲ ಎಲೆಗಳೂ ಮುಗಿದ ಮೇಲೆ ಒಂದು ಅವಧಿ ಮಕ್ಕಳನ್ನು ಆಡಲು ಬಿಡಿ. ಎದುರು ಕುಳಿತವರು ಏಳನ್ನೂ ಎಂಟನ್ನೂ ಎಣಿಸದೆ ಗುರುತಿಸಲು ಸಾಧ್ಯವಾದರೆ ಆ ಜೋಡಣೆ ಗೆದ್ದಂತೆ. ಬೆರಳಿಟ್ಟು ಎಣಿಸಬೇಕಾಗಿ ಬಂದರೆ, ಎಲೆ ಎಷ್ಟೇ ಅಂದವಾಗಿದ್ದರೂ ಆ ಗುಂಪು ಅದನ್ನು ತಿದ್ದಿ ಬರೆಯಬೇಕು. ಅಂದಹಾಗೆ, 120 ಎಲೆಗಳ ಹಿಂಬದಿಗೂ ಒಂದೇ ದಿನ, ಒಂದೇ ಬಟ್ಟಲಿನ ಕೆಮ್ಮಣ್ಣಿನ ಬಣ್ಣವನ್ನೇ ಬಳಿಸಿ. ಗುಂಪಿಗೊಂದು ಛಾಯೆಯಾದರೆ ಯಾರ ಕೈಯಲ್ಲಿ ಯಾವ ಪಂಗಡದ ಎಲೆಯಿದೆ ಎಂಬುದು ಹಿಂದಿನಿಂದಲೇ ಗೊತ್ತಾಗಿಬಿಡುತ್ತದೆ, ಒಂಬತ್ತನೇ ತರಗತಿಯವರು ಅದನ್ನು ಮೊದಲ ಸುತ್ತಿನಲ್ಲೇ ಕಂಡುಹಿಡಿಯುತ್ತಾರೆ.