ಭಯ ಮತ್ತು ಅಧಿಕಾರದ ಹಸಿವು: ನಾಡು ಕೆಡುವುದು ಎಲ್ಲಿಂದ?

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿನಿ, ಕುವೆಂಪುನಗರ, ಮೈಸೂರು):
ಕಳೆದ ಭಾನುವಾರ ಶ್ರೀರಂಗಪಟ್ಟಣದ ಕೋಟೆಯ ಮೇಲೆ ನಡೆಯುತ್ತಿದ್ದಾಗ ಹುಟ್ಟಿದ ಪ್ರಶ್ನೆಯೊಂದು ನನ್ನನ್ನು ಇನ್ನೂ ಬಿಟ್ಟಿಲ್ಲ. ಸುತ್ತಲೂ ಕಾವೇರಿ, ದಪ್ಪ ಕಲ್ಲಿನ ಗೋಡೆ, ಆಳವಾದ ಕಂದಕ. ಇಷ್ಟೆಲ್ಲ ಇದ್ದೂ 1799ರ ಮೇ 4ರಂದು ಪಟ್ಟಣ ಬಿದ್ದಿತು. ಹೊರಗಿನ ಶತ್ರುವಿನಿಂದ ನಾಡು ನಾಶವಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅಧಿಕಾರದಲ್ಲಿರುವವರ ಭಯ ಮತ್ತು ಅದನ್ನು ಬಯಸುವವರ ಹಸಿವು ಒಂದು ನಾಗರಿಕತೆಯನ್ನು ಒಳಗಿನಿಂದಲೇ ಟೊಳ್ಳಾಗಿಸಬಲ್ಲವೇ? ಹಾಗಾದರೆ ಮೊದಲು ಕೆಡುವುದು ಯಾವುದು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1 (ನಿವೃತ್ತ ಇತಿಹಾಸ ಅಧ್ಯಾಪಕ, ಶ್ರೀರಂಗಪಟ್ಟಣ):
ನೀವು ನಿಂತಿದ್ದ ಜಾಗದಿಂದಲೇ ಆರಂಭಿಸೋಣ ತಾಯಿ, ಆದರೆ 1799ಕ್ಕಿಂತ ಅರವತ್ತೈದು ವರ್ಷ ಹಿಂದಕ್ಕೆ ಹೋಗಬೇಕು. ಆಗ ಮೈಸೂರು ರಾಜ್ಯದ ನಿಜವಾದ ಅಧಿಕಾರ ದಳವಾಯಿಗಳ, ಅಂದರೆ ಸೇನಾಧಿಪತಿಗಳ, ಕೈಯಲ್ಲಿತ್ತು. ಚಾಮರಾಜ ಒಡೆಯರು ತಮ್ಮ ಹಿಡಿತಕ್ಕೆ ಸಿಗುವುದಿಲ್ಲ ಎಂದು ಕಂಡಾಗ ಅವರನ್ನು ಸಿಂಹಾಸನದಿಂದ ಇಳಿಸಿ ಕಬ್ಬಾಳದುರ್ಗಕ್ಕೆ ಕಳುಹಿಸಿದರು. 1734ರಲ್ಲಿ ಆ ಕಡಿದಾದ ಬೆಟ್ಟದ ಮೇಲೆಯೇ ಅರಸರು ತೀರಿಕೊಂಡರು. ಎಳೆಯ ವಯಸ್ಸಿನ ಇಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದ್ದರಿಂದ ದಳವಾಯಿಗಳನ್ನು ಪ್ರಶ್ನಿಸುವವರೇ ಇಲ್ಲವಾಯಿತು.

ಅದರ ಫಲ ಕಂಡದ್ದು ತಿರುಚಿನಾಪಳ್ಳಿಯಲ್ಲಿ. ಸಹಾಯಕ್ಕೆ ಪ್ರತಿಯಾಗಿ ಆ ಕೋಟೆಯನ್ನು ಬಿಟ್ಟುಕೊಡುತ್ತೇನೆ ಎಂಬ, ಆರ್ಕಾಟಿನ ನವಾಬಗಿರಿಗಾಗಿ ಹೋರಾಡುತ್ತಿದ್ದ ಮಹಮ್ಮದ್ ಅಲಿಯ ಮಾತನ್ನು ನಂಬಿ 1752ರಲ್ಲಿ ದಂಡೆತ್ತಿ ಹೋದ ದಳವಾಯಿ ಮನೆತನದ ನಂಜರಾಜಯ್ಯ, ಆ ಮಾತು ಸುಳ್ಳೆಂದು ಗೊತ್ತಾದ ಮೇಲೂ ಹಿಂದಿರುಗದೆ ವರ್ಷಗಟ್ಟಲೆ ಅಲ್ಲಿಯೇ ಬೊಕ್ಕಸವನ್ನು ಸುರಿದರು. ಕೊನೆಗೆ ಸಂಬಳ ಸಿಗದ ಸೈನಿಕರು ಅವರ ಮನೆಬಾಗಿಲಲ್ಲಿ ಧರಣಿ ಕುಳಿತರು. ಬಾಕಿಯನ್ನು ಇತ್ಯರ್ಥ ಮಾಡಿದ ಹೈದರ್ ಅಲಿ 1761ರ ಹೊತ್ತಿಗೆ ರಾಜ್ಯದ ಒಡೆಯನೇ ಆದ. ಬೊಕ್ಕಸ ಬರಿದಾದದ್ದು ಎರಡನೆಯ ಹಂತ. "ಬೇಡ, ಹಿಂದಿರುಗಿ" ಎಂದು ಹೇಳಬಲ್ಲ ಸ್ಥಾನವೊಂದನ್ನು ಕಬ್ಬಾಳದುರ್ಗದಲ್ಲಿ ಹೂತುಹಾಕಿದ್ದು ಮೊದಲನೆಯದು ಎಂಬುದು ನನ್ನ ಅಭಿಪ್ರಾಯ. ವಿಜಯನಗರದಲ್ಲಿಯೂ ಅಳಿಯ ರಾಮರಾಯನು ಸದಾಶಿವರಾಯನನ್ನು ಹೆಸರಿಗಷ್ಟೇ ಅರಸನಾಗಿಸಿ ತಾನೇ ಆಳಿದ್ದನ್ನು ನೆನೆಯಬಹುದು.

ಉತ್ತರ 2 (ಹೈನುಗಾರ, ಮದ್ದೂರು ತಾಲ್ಲೂಕು):
ಮೇಷ್ಟ್ರು ಹೇಳಿದ್ದು ಅರಮನೆಯ ವಿಷಯ, ನಾನು ಹೇಳುವುದು ನಮ್ಮೂರಿನ ಡೇರಿಯದು. ಕೆಲವು ವರ್ಷಗಳ ಹಿಂದೆ ಸಂಘದ ವಾರ್ಷಿಕ ಸಭೆಯಲ್ಲಿ ನಮ್ಮ ಬೀದಿಯ ಅಕ್ಕ ಒಬ್ಬರು ಎದ್ದು ನಿಂತು ಪಶು ಆಹಾರದ ಲೆಕ್ಕ ಕೇಳಿದರು. ಮರುದಿನದಿಂದ ಹಾಲಿನ ಬೆಲೆ ನಿರ್ಧರಿಸುವ ಫ್ಯಾಟ್ (ಕೊಬ್ಬಿನ ಅಂಶ) ಅವರ ಚೀಟಿಯಲ್ಲಿ 4ರಿಂದ 3ಕ್ಕೆ ಇಳಿಯಿತು. ಹಸು ಅದೇ, ಮೇವು ಅದೇ, ಕ್ಯಾನೂ ಅದೇ. ಸಾಲಿನಲ್ಲಿ ನಿಂತಿದ್ದವರೆಲ್ಲ ಚೀಟಿಯ ಅಂಕಿಯನ್ನು ನೋಡಿದೆವೇ ಹೊರತು ಅವರ ಮುಖವನ್ನು ನೋಡಲಿಲ್ಲ. ನನ್ನ ಮನೆಯ ಬಟವಾಡೆಯೂ ಅಂಥದೇ ಚೀಟಿಯನ್ನು ನಂಬಿತ್ತು. ಮುಂದಿನ ವರ್ಷದ ಸಭೆ ಹತ್ತು ನಿಮಿಷದಲ್ಲಿ ಮುಗಿಯಿತು. ಹಾಲಿಗೆ ನೀರು ಬೆರೆಸುವುದು ಶುರುವಾದದ್ದು ಆಮೇಲೆ, ಏಕೆಂದರೆ ಅಳತೆಯೇ ಸುಳ್ಳಾದ ಮೇಲೆ ಗಟ್ಟಿ ಹಾಲು ಹಾಕಿ ಬಂದ ಭಾಗ್ಯವೇನು ಎಂದು ಜನ ಯೋಚಿಸಿದರು. ಅಂಕಿ ಇಳಿಸಿದವರು ಹುಟ್ಟಾ ಕೆಟ್ಟವರಾಗಿರಲಿಲ್ಲ. ಚುನಾವಣೆಯಲ್ಲಿ ಸೋತರೆ ಹಳೆಯ ಲೆಕ್ಕ ಹೊರಬರುತ್ತದೆ ಎಂಬ ಹೆದರಿಕೆ ಅವರಿಂದ ಹಾಗೆ ಮಾಡಿಸಿತು.

ಉತ್ತರ 3 (ವಕೀಲೆ, ಮೈಸೂರು):
ಅಳತೆಯೇ ಸುಳ್ಳಾಗುವುದು ಎಂಬ ಮಾತು ನ್ಯಾಯಾಲಯಕ್ಕೂ ಸಲ್ಲುತ್ತದೆ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ರದ್ದುಗೊಳಿಸಿತು, ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ವಿಚಾರಣೆಯಿಲ್ಲದೆ ಬಂಧಿತರಾದವರು ಬಿಡುಗಡೆ ಕೋರಿ ನ್ಯಾಯಾಲಯಕ್ಕೆ ಬರುವಂತಿಲ್ಲ ಎಂದು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತೀರ್ಪಿತ್ತರು. ಒಪ್ಪದೆ ನಿಂತವರು ಎಚ್.ಆರ್. ಖನ್ನಾ ಒಬ್ಬರೇ. ಮರುವರ್ಷ ಅವರ ಹಿರಿತನವನ್ನು ಕಡೆಗಣಿಸಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಮಾಡಲಾಯಿತು, ಖನ್ನಾ ರಾಜೀನಾಮೆ ಕೊಟ್ಟರು. ಆ ತೀರ್ಪನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ. ಒಂದು ದಿನದಲ್ಲಿ ಕೆಟ್ಟದ್ದನ್ನು ಸರಿಪಡಿಸಲು ನಲವತ್ತೊಂದು ವರ್ಷ ಬೇಕಾಯಿತು.

ಪ್ರಶ್ನೆ ಕೇಳಿದವರಿಂದ:
ಮೂವರಿಗೂ ನಮಸ್ಕಾರ. ಮದ್ದೂರಿನ ಅಣ್ಣನವರೇ, ಆ ಅಕ್ಕ ಆಮೇಲೆ ಏನು ಮಾಡಿದರು?

ಉತ್ತರ 4 (ಹೈನುಗಾರ, ಮದ್ದೂರು ತಾಲ್ಲೂಕು):
ಹಾಲು ಹಾಕುವುದನ್ನು ಅವರು ನಿಲ್ಲಿಸಲಿಲ್ಲ ತಂಗಿ, ಪ್ರತಿಯೊಂದು ಚೀಟಿಯನ್ನೂ ಅಡುಗೆಮನೆಯ ತಂತಿಗೆ ಚುಚ್ಚಿಟ್ಟರು. ಒಂದು ಬೆಳಗ್ಗೆ ಪಕ್ಕದ ಮನೆಯವರು ಅವರ ಹಾಲನ್ನು ತಮ್ಮ ಹೆಸರಿನಲ್ಲಿಯೂ ತಮ್ಮ ಹಾಲನ್ನು ಅವರ ಹೆಸರಿನಲ್ಲಿಯೂ ಹಾಕಿಸಿ ನೋಡಿದರು. 3 ಎಂಬ ಅಂಕಿ ಆ ಅಕ್ಕನ ಹೆಸರಿನ ಮುಂದೆಯೇ ಬಂದಿತು. ಆ ಎರಡು ಚೀಟಿಗಳನ್ನು ಹಿಡಿದು ಮೂವತ್ತು ಜನ ಮೇಲಧಿಕಾರಿಗಳ ಬಳಿಗೆ ಹೋದೆವು. ನಾನು ಹೊರಟದ್ದು ಎಲ್ಲರಿಗಿಂತ ಕೊನೆಯಲ್ಲಿ.