ಅಪ್‌ಡೇಟ್: ಎಂಜಿನ್ ಬದಲಾಯಿತು, ಜೊತೆಗೆ ಇನ್ನೂ ಕೆಲವು

ಬೇರಿಂಗ್ ಸವೆದು ಹಾಳಾದ ಎಂಜಿನ್ ತೆಗೆದು, ಬಳಸಿದ ಇನ್ನೊಂದನ್ನು ಕೂರಿಸುವಾಗ ಅದರ ಜೊತೆ ಏನೇನು ಬದಲಾಯಿಸಬೇಕು ಎಂದು ಕೇಳಿದ್ದೆ. ಕೆಲಸ ಮುಗಿದಿದೆ, ಕಾರು ಓಡುತ್ತಿದೆ.

ಎಂಜಿನ್ ಒಳಗೆ ಕೂತ ಮೇಲೆ ಗೇರ್‌ಬಾಕ್ಸ್ ಇಳಿಸದೆ ಕೈಗೆ ಸಿಗದ ಭಾಗಗಳಿಗೆ ಮೊದಲ ಮಣೆ ಹಾಕಿದೆ. ಎಂಜಿನ್‌ನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ಹಿಂಬದಿಯಲ್ಲಿ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ಹೊಸದು. ಹಳೆಯದರ ರಬ್ಬರ್ ಅಂಚು ಉಗುರಿನಿಂದ ಒತ್ತಿದರೂ ಬಾಗದಷ್ಟು ಗಡುಸಾಗಿತ್ತು. ಕ್ಲಚ್ ಪ್ಲೇಟ್ ಇನ್ನೂ ಸ್ವಲ್ಪ ಕಾಲ ಬರುತ್ತಿತ್ತೇನೋ. ಆದರೆ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗನ್ನು ಬೆರಳಲ್ಲಿ ತಿರುಗಿಸಿದಾಗ ಒಳಗೆ ಮರಳಿದ್ದಂತೆ ಕರಕರ ಎಂದಿತು. ಇಡೀ ಸೆಟ್ ಬದಲಾಯಿಸಿದೆ.

ವಾಲ್ವ್‌ಗಳನ್ನು ಪಿಸ್ಟನ್ ಚಲನೆಗೆ ಹೊಂದಿಸಿ ನಡೆಸುವ ಟೈಮಿಂಗ್ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪ್, ಥರ್ಮೋಸ್ಟಾಟ್ ಕೂಡ ಹೊಸವು. ಬಳಸಿದ ಎಂಜಿನ್‌ನ ಬೆಲ್ಟ್ ಎಷ್ಟು ಓಡಿದೆ ಎಂದು ಯಾರೂ ಖಚಿತವಾಗಿ ಹೇಳಲಾರರು. ಅದು ಕಡಿದರೆ, ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿದು ಎಲ್ಲ ಕೆಲಸವೂ ನೀರುಪಾಲು.

ಯಾರೋ ಎಚ್ಚರಿಸಿದ್ದ ಆಯಿಲ್ ಕೂಲರ್ (ಎಂಜಿನ್ ಎಣ್ಣೆ ತಣಿಸುವ ಭಾಗ) ವಿಷಯಕ್ಕೆ ವಿಶೇಷ ಧನ್ಯವಾದ. ಸವೆದ ಬೇರಿಂಗ್‌ನ ಲೋಹದ ಚೂರುಗಳು ಅದರ ಸಣ್ಣ ಕೊಳವೆಗಳಲ್ಲಿ ಉಳಿದು ಈಗ ಕೂರಿಸಿದ ಎಂಜಿನ್‌ಗೂ ಸೇರಬಹುದು. ತೊಳೆದರೂ ಪೂರ್ತಿ ಹೋಗುವ ಭರವಸೆ ಇಲ್ಲ. ಹಳೆಯದನ್ನು ಎಸೆದೆ.

ಎಂಜಿನ್ ಹಿಡಿದಿಡುವ ಮೌಂಟ್‌ಗಳಲ್ಲಿ ಬಿರುಕು ಬಿಟ್ಟದ್ದನ್ನು ಮಾತ್ರ ಬದಲಾಯಿಸಿದೆ. ಆಲ್ಟರ್ನೇಟರ್, ಸ್ಟಾರ್ಟರ್ ಮೋಟರ್ ಹಳೆಯವೇ. ಅವು ಕೈಕೊಟ್ಟರೆ, ನನ್ನ ಕಾರಿನಲ್ಲಿ ಮೇಲಿನಿಂದಲೇ ಬಿಚ್ಚಬಹುದು.