ಇಂಗ್ಲಿಷ್ ಪ್ಯಾಸೇಜ್ ಗಟ್ಟಿಯಾಗಿ ಓದುತ್ತಾರೆ, ಆದರೆ ಅರ್ಥ ಹಿಡಿಯುವುದಿಲ್ಲ: ಡಿಗ್ರಿ ಮೊದಲ ಸೆಮಿಸ್ಟರ್‌ಗೆ ಎಲ್ಲಿಂದ ಶುರು ಮಾಡಬೇಕು?

ಹೊಸ_ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ಬಿ.ಎ., ಬಿ.ಕಾಂ. ಒಟ್ಟಿಗೆ ಕೂರುವ ಮೊದಲ ಸೆಮಿಸ್ಟರ್ ಇಂಗ್ಲಿಷ್ ಕ್ಲಾಸು. 70 ಮಕ್ಕಳು, ಮುಕ್ಕಾಲು ಪಾಲು ಕನ್ನಡ ಮಾಧ್ಯಮದವರು. ವಾರಕ್ಕೆ ನಾಲ್ಕು ಪೀರಿಯಡ್, ಒಂದೊಂದು 55 ನಿಮಿಷ.

ಎದ್ದು ನಿಂತು ಓದು ಅಂದರೆ ಹೆಚ್ಚಿನವರು ತಡವರಿಸದೆ ಓದುತ್ತಾರೆ. ಪುಸ್ತಕ ಮುಚ್ಚಿಸಿ "ಈಗ ಓದಿದ್ದರಲ್ಲಿ ಏನಿತ್ತು, ಕನ್ನಡದಲ್ಲೇ ಹೇಳಿ" ಅಂದರೆ ಕ್ಲಾಸು ಸ್ತಬ್ಧ. ಪ್ರಶ್ನೆ ಕೊಟ್ಟರೆ ಅದೇ ಪದ ಇರುವ ಸಾಲನ್ನು ಹುಡುಕಿ ಹಾಗೇ ಇಳಿಸುತ್ತಾರೆ. ನಾನು ಸಾಲು ಸಾಲಾಗಿ ಕನ್ನಡದಲ್ಲಿ ವಿವರಿಸಿದರೆ ತಲೆದೂಗುತ್ತಾರೆ, ಮುಂದಿನ ಪ್ಯಾಸೇಜ್‌ನಲ್ಲಿ ಮತ್ತೆ ಅದೇ ಕಥೆ. ತೊಂದರೆ ಪದದ್ದೋ, ವ್ಯಾಕರಣದ್ದೋ? ಮಟ್ಟ ಅಳೆಯುವುದು ಹೇಗೆ? ಎಷ್ಟು ಉದ್ದದ ಪ್ಯಾಸೇಜ್, ಎಂಥ ಪ್ರಶ್ನೆ? ಮಾಡಿ ನೋಡಿದವರು ದಯವಿಟ್ಟು ಬಿಡಿಸಿ ಹೇಳಿ.

ತುಂಗಾತೀರ

ಮೇಡಂ, ಪದವೂ ಒಂದು ಕಾರಣವೇ. ಆದರೆ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಅದಕ್ಕಿಂತ ದೊಡ್ಡ ತೊಡಕು ವಾಕ್ಯದ ಕಟ್ಟು. ಈ ವಾಕ್ಯ ಬೋರ್ಡ್ ಮೇಲೆ ಬರೆದು ನೋಡಿ:

ದಿ ಪಂಪ್‌ಸೆಟ್ಸ್ ದಿ ಕಂಪನಿ ಸಪ್ಲೈಡ್ ಟು ದಿ ಫಾರ್ಮರ್ಸ್ ಫೇಲ್ಡ್ ವಿದಿನ್ ಎ ಇಯರ್.

ಗೊತ್ತಿಲ್ಲದ ಪದ ಒಂದೂ ಇಲ್ಲ. ಆದರೂ ಬರುವ ಉತ್ತರ: "ಕಂಪನಿ ರೈತರಿಗೆ ಪಂಪ್‌ಸೆಟ್ ಕೊಟ್ಟಿತು, ರೈತರು ಒಂದು ವರ್ಷದಲ್ಲಿ ಫೇಲಾದರು." ಕೆಟ್ಟದ್ದು ಪಂಪ್‌ಸೆಟ್ಟು, ರೈತರಲ್ಲ. ಈ ತಪ್ಪಿಗೆ ಕಾರಣವಿದೆ. ಕನ್ನಡದಲ್ಲಿ ನಾವು "ಕಂಪನಿ ರೈತರಿಗೆ ಕೊಟ್ಟ ಪಂಪ್‌ಸೆಟ್" ಅನ್ನುತ್ತೇವೆ. ವಿವರಣೆ ಮೊದಲು, ವಸ್ತು ಕೊನೆಗೆ. ಇಂಗ್ಲಿಷ್ ವಸ್ತುವನ್ನು ಮೊದಲು ಹೇಳಿ ವಿವರಣೆಯನ್ನು ಬೆನ್ನಿಗೆ ಕಟ್ಟುತ್ತದೆ. ಕೆಲವೊಮ್ಮೆ "ದಟ್", "ವಿಚ್" ಅನ್ನುವ ಕೊಂಡಿಯನ್ನೂ ಬಿಡುತ್ತದೆ. ಹುಡುಗ ಪದಪದಕ್ಕೆ ಕನ್ನಡ ಅರ್ಥ ಹಚ್ಚಿ ಎಡದಿಂದ ಬಲಕ್ಕೆ ಹೊಲಿಯುತ್ತಾ ಹೋಗುತ್ತಾನೆ. ಕ್ರಿಯಾಪದ ಬಂದಾಗ ಪಕ್ಕದಲ್ಲಿ ಯಾವ ನಾಮಪದ ಇದೆಯೋ ಅದನ್ನೇ ಕರ್ತೃ ಮಾಡುತ್ತಾನೆ.

ಬಿಡಿಸುವ ಕ್ರಮ ಹೀಗೆ. ಮೊದಲು ಕ್ರಿಯಾಪದಗಳಿಗೆ ಅಡಿಗೆರೆ: ಇಲ್ಲಿ ಎರಡು, ಸಪ್ಲೈಡ್ ಮತ್ತು ಫೇಲ್ಡ್. ಪ್ರತಿಯೊಂದಕ್ಕೂ "ಯಾರು? ಯಾವುದು?" ಅಂತ ಕೇಳಿ ಬಾಣ ಎಳೆಸಿ. ಸಪ್ಲೈ ಮಾಡಿದ್ದು ಯಾರು? ಕಂಪನಿ. ಫೇಲಾದದ್ದು? "ಫಾರ್ಮರ್ಸ್" ಅಂದರೆ ಅದಕ್ಕೆ ಮೊದಲು ಇರುವ "ಟು" ತೋರಿಸಿ. "ಟು ದಿ ಫಾರ್ಮರ್ಸ್" ಅಂದರೆ "ರೈತರಿಗೆ". "ರೈತರಿಗೆ ಕೆಟ್ಟುಹೋದವು" ಅಂತ ಕನ್ನಡದಲ್ಲಿ ಯಾರೂ ಹೇಳುವುದಿಲ್ಲ ಅಲ್ಲವೇ? ನಮ್ಮ ವಿಭಕ್ತಿ ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ, ಇಂಗ್ಲಿಷಿನದು ಪದಕ್ಕೆ ಮೊದಲು ಬಿಡಿಯಾಗಿ ನಿಲ್ಲುತ್ತದೆ. ಟು, ಬೈ, ಆಫ್, ಇನ್, ಫ್ರಮ್ ಆದಮೇಲೆ ಬರುವ ನಾಮಪದ ಕರ್ತೃ ಆಗಲಾರದು. ಈ ಒಂದು ನಿಯಮದಿಂದಲೇ ಬಹಳಷ್ಟು ತಪ್ಪು ನಿಲ್ಲುತ್ತದೆ. ಆಮೇಲೆ ಕೊಂಡಿಗಳ ಲೆಕ್ಕ: ಎರಡು ಕ್ರಿಯಾಪದ ಇದ್ದರೆ ಒಂದು ಕೊಂಡಿ ಬೇಕು, ಮೂರಿದ್ದರೆ ಎರಡು. ಕಣ್ಣಿಗೆ ಕಾಣದಿದ್ದರೆ ಎಲ್ಲೋ "ದಟ್" ಅಡಗಿದೆ ಅಂತ ಅರ್ಥ, ಹುಡುಕಿಸಿ. ಕೊನೆಗೆ ಇಡೀ ವಾಕ್ಯವನ್ನು ಸಹಜ ಕನ್ನಡದಲ್ಲಿ ಒಬ್ಬರ ಬಾಯಿಂದ ಹೇಳಿಸಿ.

ಎಡವುವ ಜಾಗ ಎರಡು. ಒಂದು, "ದಿ ಸೀಡ್ಸ್ ಸೋಲ್ಡ್ ಇನ್ ದಿ ಮಾರ್ಕೆಟ್ ವರ್ ಓಲ್ಡ್" ತರಹದ ವಾಕ್ಯ. "ಸೋಲ್ಡ್" ಅನ್ನು ಮುಖ್ಯ ಕ್ರಿಯಾಪದ ಅಂದುಕೊಳ್ಳುತ್ತಾರೆ. ಅದಕ್ಕೆ ಮೊದಲು "ವಿಚ್ ವರ್" ಇಟ್ಟು ಓದಿಸಿ. ಕೂತರೆ ಅದು ವಿವರಣೆ ("ಮಾರಿದ ಬೀಜ"), ಮುಖ್ಯ ಕ್ರಿಯಾಪದ ಮುಂದೆ ಇನ್ನೊಂದಿದೆ. ಎರಡನೆಯದು ಪ್ಯಾಸಿವ್ (ಕರ್ಮಣಿ ಪ್ರಯೋಗ). "ದಿ ಟೆನೆಂಟ್ಸ್ ವರ್ ಗಿವನ್ ನೋಟಿಸ್" ಅಂದರೆ ಬಾಡಿಗೆದಾರರೇ ನೋಟಿಸ್ ಕೊಟ್ಟರು ಅಂತ ಓದುತ್ತಾರೆ. "ಕೊಡಲ್ಪಟ್ಟಿತು" ಅಂತ ಹೇಳಿಕೊಡಬೇಡಿ, ಅದು ಯಾರ ಮಾತಿನಲ್ಲೂ ಇಲ್ಲ, ಆದ್ದರಿಂದ ಅರ್ಥವೂ ಮೂಡುವುದಿಲ್ಲ. "ಬಾಡಿಗೆದಾರರಿಗೆ ನೋಟಿಸ್ ಕೊಟ್ಟರು" ಅಂತ ಹೇಳಿಸಿ.

ಪೀರಿಯಡ್‌ನ ಮೊದಲ 10 ನಿಮಿಷ, ಮೂರೇ ವಾಕ್ಯ. ನಾಲ್ಕು ವಾರಕ್ಕೆ 48 ವಾಕ್ಯ ಆಗುತ್ತದೆ. ನಿಮ್ಮ ಪಠ್ಯಪುಸ್ತಕದಿಂದಲೇ ಎತ್ತಿಕೊಳ್ಳಿ, ಪಾಠವೂ ಮುಂದೆ ಸಾಗುತ್ತದೆ.

ಕರಿಹಲಗೆ

ತುಂಗಾತೀರ ಅವರ ಮಾತಿಗೆ ಸೇರಿಸುವುದು ಒಂದಿದೆ. ಕನ್ನಡದಲ್ಲಿ "ಆದರೂ", "ಇಲ್ಲದಿದ್ದರೆ" ಅನ್ನುವ ಸೂಚನೆ ಕ್ರಿಯಾಪದದ ತುದಿಯಲ್ಲಿ ಬರುತ್ತದೆ: ಮಳೆ ಬಂದರೂ, ಫೀಸು ಕಟ್ಟದಿದ್ದರೆ. ಇಂಗ್ಲಿಷಿನಲ್ಲಿ "ಆಲ್ದೋ", "ಅನ್‌ಲೆಸ್" ಮೊದಲೇ ಬಂದು ಹೋಗುತ್ತದೆ, ವಾಕ್ಯದ ತುದಿ ತಲುಪುವಷ್ಟರಲ್ಲಿ ಹುಡುಗರು ಅದನ್ನು ಮರೆತಿರುತ್ತಾರೆ. ಅಂಥ ಪದ ಕಂಡಕೂಡಲೇ ದುಂಡು ಹಾಕಿ, ಆ ಭಾಗದ ಕ್ರಿಯಾಪದದ ಮೇಲೆ ಪೆನ್ಸಿಲ್‌ನಲ್ಲಿ "-ರೂ" ಅಥವಾ "-ದಿದ್ದರೆ" ಬರೆದುಕೊಳ್ಳಲು ಹೇಳಿ. "ನಾಟ್ ಆಲ್" ಬಂದಾಗ ವಿಶೇಷ ಎಚ್ಚರ ಬೇಕು. "ಎಲ್ಲರಿಗೂ ಸಿಗಲಿಲ್ಲ" ಅಂತ ಕನ್ನಡಿಸಿದರೆ ಯಾರಿಗೂ ಸಿಗಲಿಲ್ಲ ಅಂತಲೂ ಕೇಳಿಸುತ್ತದೆ. "ಕೆಲವರಿಗೆ ಸಿಕ್ಕಿತು, ಕೆಲವರಿಗೆ ಇಲ್ಲ" ಅಂತ ಬಿಡಿಸಲೇಬೇಕು. "ಫ್ಯೂ" ಮತ್ತು "ಎ ಫ್ಯೂ" ಕೂಡ ಹೀಗೆಯೇ.

ಇನ್ನು ಮಟ್ಟ ಅಳೆಯುವುದು. ಸಂಶೋಧಕ ವಿಲ್ಸನ್ ಟೇಲರ್ 1953ರಲ್ಲಿ ಕೊಟ್ಟ ಕ್ಲೋಜ್ (ಬಿಟ್ಟ ಪದ ತುಂಬುವ) ಪರೀಕ್ಷೆಗಿಂತ ಸುಲಭದ್ದು ಬೇರೆ ಇಲ್ಲ. ಮಕ್ಕಳು ಮೊದಲು ಓದಿರದ, ಸುಮಾರು 300 ಪದದ ಗದ್ಯ ಆರಿಸಿ. ಮೊದಲ ಮತ್ತು ಕೊನೆಯ ವಾಕ್ಯ ಪೂರ್ತಿ ಬಿಡಿ. ನಡುವೆ ಪ್ರತಿ ಐದನೇ ಪದ ತೆಗೆದು ಒಂದೇ ಅಳತೆಯ ಖಾಲಿ ಗೆರೆ ಎಳೆಯಿರಿ, ಒಟ್ಟು 50. ಗೆರೆಯ ಉದ್ದ ಪದಕ್ಕೆ ತಕ್ಕಂತೆ ಬದಲಾದರೆ ಅದೇ ಸುಳಿವಾಗುತ್ತದೆ. 40 ನಿಮಿಷ ಸಾಕು. ಮೂಲದ ಪದವೇ ಬಂದರೆ ಮಾತ್ರ ಅಂಕ, ಕಾಗುಣಿತ ತಪ್ಪಿದ್ದರೂ ಕೊಡಿ. ಬಂದದ್ದನ್ನು ಎರಡರಿಂದ ಗುಣಿಸಿ. ಸುಮಾರು 60ಕ್ಕಿಂತ ಮೇಲಿದ್ದರೆ ಆ ಮಟ್ಟದ ಗದ್ಯವನ್ನು ತಾವೇ ಓದಬಲ್ಲರು. 40ರಿಂದ 60 ಅಂದರೆ ನಿಮ್ಮ ಸಹಾಯದಿಂದ ಓದಬಲ್ಲರು. 40ಕ್ಕಿಂತ ಕೆಳಗೆ ಬಂದರೆ ಆ ಗದ್ಯ ಅವರಿಗೆ ಭಾರ. ಸಮಾನಾರ್ಥಕ ಪದಕ್ಕೂ ಅಂಕ ಕೊಟ್ಟರೆ ಈ ಗಡಿಗಳು ಹೊಂದುವುದಿಲ್ಲ. ಇಸವಿ, ಊರಿನ ಹೆಸರು ತುಂಬಿರುವ ಗದ್ಯವೂ ಬೇಡ, ಅವು ಖಾಲಿ ಜಾಗದಲ್ಲಿ ಬಿದ್ದರೆ ಊಹಿಸಲು ಆಗುವುದಿಲ್ಲ.

ಸಾಮಾನ್ಯವಾಗಿ ಪಠ್ಯದ ಪಾಠಗಳು ಮೂರನೇ ಗುಂಪಿಗೇ ಬೀಳುತ್ತವೆ. ಹಾಗಾದರೆ ಅಭ್ಯಾಸಕ್ಕೆ ಪಠ್ಯ ಬಿಟ್ಟು ಬೇರೆ ಸಣ್ಣ ಗದ್ಯ ಬೇಕೇ ಬೇಕು. ಮೊದಲ ತಿಂಗಳು 150ರಿಂದ 200 ಪದ, ಸೆಮಿಸ್ಟರ್ ಕೊನೆಗೆ 350. ಪದದ ಅಳತೆ: ತಾವೇ ಓದಿ ಅರ್ಥ ಮಾಡಿಕೊಳ್ಳಬೇಕಾದರೆ 100ರಲ್ಲಿ 98 ಪದ ಗೊತ್ತಿರಬೇಕು ಅನ್ನುವುದು ಹೂ ಮತ್ತು ನೇಷನ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದ ಲೆಕ್ಕ. ಅಂದರೆ 200 ಪದದ ಗದ್ಯದಲ್ಲಿ ಹೊಸದು ನಾಲ್ಕೇ. ನೀವು ಜೊತೆಗಿದ್ದರೆ ಹತ್ತರವರೆಗೆ ನಡೆಯುತ್ತದೆ. ಅದಕ್ಕೂ ಹೆಚ್ಚಿದ್ದರೆ ನಿಘಂಟು ತಿರುವುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ನಿಘಂಟಿನ ಮೊದಲ ಅರ್ಥವನ್ನೇ ಹಿಡಿಯುವ ಅಭ್ಯಾಸವನ್ನೂ ಬಿಡಿಸಬೇಕು. ಕೋರ್ಟಿನ ವಿಷಯದಲ್ಲಿ "ಸೆಂಟೆನ್ಸ್" ಬಂದರೆ "ವಾಕ್ಯ" ಅಂತ ಬರೆದು ಮುಂದೆ ಹೋಗುವವರು ತುಂಬಾ ಇರುತ್ತಾರೆ. ಬೋರ್ಡ್ ಮೇಲೆ ಪದವನ್ನು ಒಂಟಿಯಾಗಿ ಬರೆಯಬೇಡಿ, ಅದು ಬಂದ ತುಂಡನ್ನೇ ಬರೆಯಿರಿ.

ಬಯಲುಸೀಮೆ

ಸಾಲು ಎತ್ತಿ ಇಳಿಸುವುದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ, ನಾವು ಕೇಳುವ ಪ್ರಶ್ನೆಯೇ ಅದಕ್ಕೆ ದಾರಿ ಮಾಡಿಕೊಟ್ಟಿದೆ. ಸುಮ್ಮನೆ ಕಟ್ಟಿದ ಪದಗಳ ಈ ವಾಕ್ಯ ನೋಡಿ: "ದಿ ಗ್ಲಾಂಬ್ ವಾಸ್ ಟ್ರಿಸ್ಕ್ಡ್ ನಿಯರ್ ದಿ ಪ್ಲೂಟ್." ಪ್ರಶ್ನೆ: ವೇರ್ ವಾಸ್ ದಿ ಗ್ಲಾಂಬ್ ಟ್ರಿಸ್ಕ್ಡ್? ಉತ್ತರ: ನಿಯರ್ ದಿ ಪ್ಲೂಟ್. ಎರಡು ಅಂಕ ಬಂತು. ಆ ವಾಕ್ಯಕ್ಕೆ ಅರ್ಥವೇ ಇಲ್ಲ! ಪ್ರಶ್ನೆ ತಯಾರಿಸಿದ ಮೇಲೆ ಹೀಗೆ ಪರೀಕ್ಷಿಸಿ: ಅರ್ಥ ಗೊತ್ತಿಲ್ಲದೆ, ಪದ ಹೊಂದಿಸಿಯೇ ಉತ್ತರ ಬರುತ್ತದೆಯೇ? ಬಂದರೆ ಆ ಪ್ರಶ್ನೆ ತೆಗೆದುಹಾಕಿ.

ಬದಲಿಗೆ, ಓದಿದ್ದನ್ನು ಬಳಸಿ ಏನಾದರೂ ತೀರ್ಮಾನಿಸುವ ಕೆಲಸ ಕೊಡಿ. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ್ದು, ಈಗ ಬೆಂಗಳೂರು ಪ್ರಾಜೆಕ್ಟ್ ಅಂತ ಹೆಸರಾಗಿರುವುದು, ಇದೇ ತತ್ವದ್ದು. ರೈಲಿನ ವೇಳಾಪಟ್ಟಿ, ನಕ್ಷೆ ಮುಂದಿಟ್ಟು ಪ್ರಶ್ನೆ ಬಿಡಿಸುವುದು. ಅದು ಶಾಲೆಯ ಮಕ್ಕಳಿಗೆ ಮಾಡಿದ್ದು, ಆದರೆ ಕ್ರಮ ಡಿಗ್ರಿಗೂ ಒಗ್ಗುತ್ತದೆ. ಮೊದಲು ಒಂದು ಕೆಲಸವನ್ನು ಇಡೀ ಕ್ಲಾಸಿನ ಜೊತೆ ಬಾಯಲ್ಲೇ ಬಿಡಿಸಿ, ಆಮೇಲೆ ಅದೇ ಜಾತಿಯ ಇನ್ನೊಂದನ್ನು ಒಬ್ಬೊಬ್ಬರೇ ಮಾಡಲು ಕೊಡುವುದು.

ಒಂದು ಮಾದರಿ. ಹಾಸ್ಟೆಲ್ ನಿಯಮದ ಗದ್ಯ ನೀವೇ ಇಂಗ್ಲಿಷಿನಲ್ಲಿ ಬರೆದುಕೊಳ್ಳಿ. ಅದರಲ್ಲಿ ಈ ಅರ್ಥದ ವಾಕ್ಯ ಇರಲಿ: ಆಗಸ್ಟ್ 31ಕ್ಕೆ ಮೊದಲು ಹಾಸ್ಟೆಲ್ ಬಿಟ್ಟವರಿಗೆ 12,000 ರೂಪಾಯಿಯಲ್ಲಿ ಅರ್ಧ ವಾಪಸ್, ಅನುಮತಿಯಿಲ್ಲದೆ ಹತ್ತು ದಿನಕ್ಕಿಂತ ಹೆಚ್ಚು ಗೈರಾಗಿದ್ದರೆ ಅದೂ ಇಲ್ಲ. "ಬಿಫೋರ್", "ಅನ್‌ಲೆಸ್", "ವಿದೌಟ್ ಪರ್ಮಿಷನ್" ಮೂರೂ ಬರುವಂತೆ ಬರೆಯಿರಿ. ಕೆಳಗೆ ನಾಲ್ವರ ವಿವರ: ಆಗಸ್ಟ್ 20ಕ್ಕೆ ಬಿಟ್ಟವಳು, ಅನುಮತಿಯಿಲ್ಲದ ಗೈರು 4 ದಿನ. ಅದೇ ದಿನ ಬಿಟ್ಟವನು, ಅನುಮತಿಯಿಲ್ಲದ ಗೈರು 15 ದಿನ. ಅದೇ ದಿನ ಬಿಟ್ಟ ಇನ್ನೊಬ್ಬಳು, ಗೈರು 15 ದಿನವಾದರೂ ಅನುಮತಿ ಪಡೆದವಳು. ಗೈರೇ ಇಲ್ಲದೆ ಆಗಸ್ಟ್ 31ರಂದೇ ಬಿಟ್ಟವನು. ಯಾರಿಗೆ ಎಷ್ಟು? 6,000, ಸೊನ್ನೆ, 6,000, ಸೊನ್ನೆ. ನಕಲು ಮಾಡಲು ಗದ್ಯದಲ್ಲಿ ಸಾಲೇ ಇಲ್ಲ. ಮೂರನೆಯದು ತಪ್ಪಿದರೆ "ವಿದೌಟ್" ಓದಿಲ್ಲ, ನಾಲ್ಕನೆಯದು ತಪ್ಪಿದರೆ "ಬಿಫೋರ್" ಓದಿಲ್ಲ. ಯಾರು ಯಾವ ಪದದಲ್ಲಿ ಜಾರಿದರು ಅಂತ ನಿಮಗೆ ಅಲ್ಲೇ ಗೊತ್ತಾಗುತ್ತದೆ.

ಪ್ರಭು ಅವರ ಅಳತೆ ನೆನಪಿಡಿ: ಕ್ಲಾಸಿನ ಅರ್ಧದಷ್ಟಾದರೂ ಮಕ್ಕಳಿಗೆ ಅರ್ಧದಷ್ಟಾದರೂ ಕೆಲಸ ಸರಿ ಬರಬೇಕು. ಅಷ್ಟೂ ಬಾರದಿದ್ದರೆ ಮುಂದಿನದನ್ನು ಸುಲಭ ಮಾಡಿ.

ಸಮಯ ಹಂಚಿಕೆ: ವಾಕ್ಯ ಬಿಡಿಸುವುದಕ್ಕೆ 10 ನಿಮಿಷ, ಬಾಯಲ್ಲಿ ಮಾಡುವ ಮೊದಲ ಕೆಲಸಕ್ಕೆ 15, ಮೌನ ಓದು ಮತ್ತು ಒಬ್ಬೊಬ್ಬರೇ ಬರೆಯುವುದಕ್ಕೆ 15, ಪಕ್ಕದವರ ಜೊತೆ ತಾಳೆ ನೋಡಲು 5, ಉಳಿದದ್ದು ತಪ್ಪು ಎಲ್ಲಿ ಆಯಿತು ಅಂತ ಸಾಲು ತೋರಿಸುವುದಕ್ಕೆ. ಒಬ್ಬೊಬ್ಬರನ್ನು ಎಬ್ಬಿಸಿ ಗಟ್ಟಿಯಾಗಿ ಓದಿಸುವುದನ್ನು ಈ ಪೀರಿಯಡ್‌ನಲ್ಲಿ ಪೂರ್ತಿ ಬಿಡಿ. ಓದುವವರ ಗಮನ ಉಚ್ಚಾರಣೆ ಮೇಲೆ, ಉಳಿದವರದು ತಮ್ಮ ಸರದಿ ಯಾವ ಪ್ಯಾರಾಕ್ಕೆ ಬರುತ್ತದೆ ಅನ್ನುವುದರ ಮೇಲೆ.

ಹೊಸ_ಉಪನ್ಯಾಸಕಿ

ತುಂಬಾ ಉಪಕಾರವಾಯಿತು. ಎರಡು ಸಂದೇಹ. ಉತ್ತರ ಕನ್ನಡದಲ್ಲಿ ಹೇಳಲು ಬಿಟ್ಟರೆ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಾರೆ? ಇನ್ನೊಂದು, ಕೇಳಿ ಅರ್ಥಮಾಡಿಕೊಳ್ಳುವುದಕ್ಕೂ ಇದೇ ಕ್ರಮವೇ?

ಕರಿಹಲಗೆ

ಕನ್ನಡ ಮೊದಲ ಆರು ವಾರ ಸಾಕು ಅನ್ನುವುದು ನನ್ನ ಅಭಿಪ್ರಾಯ. ಆಮೇಲೂ ಬಿಟ್ಟರೆ ಅದೇ ರೂಢಿಯಾಗುತ್ತದೆ.

ತುಂಗಾತೀರ

ಇದನ್ನು ನಾನು ಒಪ್ಪುವುದಿಲ್ಲ ಸರ್. ಅರ್ಥವಾಗಿದೆಯೇ ಅಂತ ನೋಡುವುದು ಬೇರೆ, ಬರೆಯಲು ಬರುತ್ತದೆಯೇ ಅಂತ ನೋಡುವುದು ಬೇರೆ. ಇಂಗ್ಲಿಷಿನಲ್ಲೇ ಬರೆ ಅಂದರೆ, ಅರ್ಥವಾದ ಹುಡುಗಿಯೂ ತಪ್ಪಿಗೆ ಹೆದರಿ ಗದ್ಯದ ಸಾಲನ್ನೇ ಇಳಿಸುತ್ತಾಳೆ, ಆಗ ಯಾರಿಗೆ ಅರ್ಥವಾಗಿದೆ ಅಂತ ನಮಗೇ ಗೊತ್ತಾಗುವುದಿಲ್ಲ. ಎರಡನ್ನೂ ಜೋಡಿಸಬಹುದು: ಬಾಯಲ್ಲಿ ಕನ್ನಡ, ಕೂಡಲೇ ಪುಸ್ತಕ ಮುಚ್ಚಿ ಅದನ್ನೇ ಇಂಗ್ಲಿಷಿನಲ್ಲಿ ಒಂದು ವಾಕ್ಯ, 12 ಪದ ಮೀರದಂತೆ. ಪುಸ್ತಕ ಮುಚ್ಚಿರುವುದರಿಂದ ನಕಲಿಗೆ ದಾರಿಯಿಲ್ಲ. ಆ ವಾಕ್ಯದಲ್ಲಿ ಕರ್ತೃ ಮತ್ತು ಕ್ರಿಯಾಪದ ಎರಡನ್ನೇ ತಿದ್ದಿ, ಆರ್ಟಿಕಲ್ ತಪ್ಪಿಗೆ ಸದ್ಯ ಕೆಂಪು ಪೆನ್ ಎತ್ತಬೇಡಿ.

ಬಯಲುಸೀಮೆ

ಕೇಳುವುದಕ್ಕೆ ಬೇರೆ ಕ್ರಮ ಬೇಕು ಮೇಡಂ. ಕಣ್ಣಿಗೆ ಪದಗಳ ನಡುವೆ ಜಾಗ ಕಾಣುತ್ತದೆ, ಕಿವಿಗೆ ಆ ಜಾಗ ಇಲ್ಲ. "ಶುಡ್ ಹ್ಯಾವ್ ಬೀನ್" ಅನ್ನುವುದು ಮಾತಿನಲ್ಲಿ "ಶುಡವ್‌ಬಿನ್" ಆಗುತ್ತದೆ. ಕನ್ನಡದಲ್ಲಿ ಪ್ರತಿ ಅಕ್ಷರವೂ ಹೆಚ್ಚುಕಡಿಮೆ ಪೂರ್ತಿ ಕೇಳಿಸುವುದರಿಂದ ಇದು ನಮ್ಮ ಮಕ್ಕಳಿಗೆ ಹೊಸದು.

ವಾರಕ್ಕೊಮ್ಮೆ 20 ನಿಮಿಷ ಡಿಕ್ಟೋಗ್ಲಾಸ್ ಮಾಡಿಸಿ, ಅಂದರೆ ಕೇಳಿದ ತುಣುಕನ್ನು ಗುಂಪಾಗಿ ಮತ್ತೆ ಕಟ್ಟುವ ಅಭ್ಯಾಸ. ಐದು ವಾಕ್ಯದ, 60 ಪದದೊಳಗಿನ ತುಣುಕು. ಮೊದಲ ಸಲ ಸಹಜ ವೇಗದಲ್ಲಿ ಓದಿ, ಯಾರೂ ಪೆನ್ ಮುಟ್ಟುವ ಹಾಗಿಲ್ಲ. ಎರಡನೇ ಸಲ ಕಿವಿಗೆ ಬಿದ್ದ ಮುಖ್ಯ ಪದ ಬರೆದುಕೊಳ್ಳಲಿ. ಉಕ್ತಲೇಖನದ ಹಾಗೆ ಬಿಡಿಬಿಡಿಯಾಗಿ ಓದಿದರೆ ಈ ಅಭ್ಯಾಸದ ಉದ್ದೇಶವೇ ಕೆಡುತ್ತದೆ. ಆಮೇಲೆ ನಾಲ್ವರು ಸೇರಿ ತುಣುಕನ್ನು ಮತ್ತೆ ಕಟ್ಟಲಿ. ಪದ ಅವೇ ಇರಬೇಕಿಲ್ಲ, ಅರ್ಥ ಅದೇ ಇರಬೇಕು. 70 ಜನಕ್ಕೆ ಬೆಂಚು ತಿರುಗಿಸಲು ಹೋಗಬೇಡಿ. ಮುಂದಿನ ಬೆಂಚಿನ ಇಬ್ಬರು ಹಿಂದೆ ತಿರುಗಿ ಕೂತರೆ ಗುಂಪಾಯಿತು. ಕೊನೆಗೆ ಎರಡು ಗುಂಪಿನದನ್ನು ಬೋರ್ಡ್ ಮೇಲೆ ಬರೆಸಿ, ಮೂಲದ ಪಕ್ಕ ಇಡಿ. ಬಿಟ್ಟುಹೋದದ್ದು ಹೆಚ್ಚಾಗಿ "ಹ್ಯಾವ್", "ಬೀನ್", "ನಾಟ್" ನಂಥ ಸಣ್ಣ ಪದಗಳೇ ಆಗಿರುತ್ತವೆ. ಮುಂದಿನ ವಾರ ವಾಕ್ಯ ಬಿಡಿಸುವ ಹತ್ತು ನಿಮಿಷಕ್ಕೆ ಅವೇ ಇರುವ ವಾಕ್ಯಗಳನ್ನು ಆರಿಸಿಕೊಳ್ಳಿ.